ನದಿ, ಗದ್ದೆ, ಕೆರೆ: ಸುತ್ತು ನಡಿಗೆಯಲ್ಲಿ ದೇಹದ ಲೆಕ್ಕ

ನಡಿಗೆಯಲ್ಲಿ ಎರಡು ಬಗೆಯುಂಟು. ಹೋದ ದಾರಿಯಲ್ಲಿಯೇ ಹಿಂದಿರುಗುವುದು ಒಂದು. ಹೊರಟ ಊರನ್ನು ಬೇರೊಂದು ದಾರಿಯಿಂದ ಬಂದು ಸೇರುವುದು ಇನ್ನೊಂದು. ಕಣ್ಣಿಗೂ ಮನಸ್ಸಿಗೂ ಎರಡನೆಯದೇ ಹಿತ, ಏಕೆಂದರೆ ಕಂಡದ್ದನ್ನೇ ಮತ್ತೆ ಕಾಣಬೇಕಾದ ಬೇಸರ ಅದರಲ್ಲಿಲ್ಲ. ದೇಹದ ಲೆಕ್ಕ ಮಾತ್ರ ಬೇರೆ. ಮೊದಲ ಬಗೆಯಲ್ಲಿ ಒಂದು ಕಿಲೋಮೀಟರ್ ನಡೆದು ದಣಿದವನಿಗೆ ಮನೆ ಒಂದೇ ಕಿಲೋಮೀಟರ್ ದೂರದಲ್ಲಿರುತ್ತದೆ. ಸುತ್ತು ನಡಿಗೆಯ ನಡುವಿನಲ್ಲಿ ದಣಿದವನಿಗೆ ಹಿಂದಕ್ಕೂ ಅಷ್ಟೇ ದೂರ, ಮುಂದಕ್ಕೂ ಅಷ್ಟೇ ದೂರ. ಆದ್ದರಿಂದ ಉತ್ತರಾರ್ಧಕ್ಕೆ ಬೇಕಾದ ಎಚ್ಚರವನ್ನು ಹೊರಡುವ ಮುನ್ನವೇ ವಹಿಸಬೇಕಾಗುತ್ತದೆ. ಮಧುಮೇಹ, ರಕ್ತದೊತ್ತಡ, ಮಂಡಿನೋವುಗಳನ್ನು ಹೊತ್ತುಕೊಂಡೇ ನಡೆಯುವ ಸದ್ಭಕ್ತರು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ ಈ ವಿಷಯವನ್ನು ಒಂದು ನಿಜವಾದ ದಾರಿಯನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ, ಹಂಪಿಗೆ ಎದುರಾಗಿ ತುಂಗಭದ್ರೆಯ ಎಡದಂಡೆಯ ಮೇಲೆ ಹನುಮನಹಳ್ಳಿ ಇದೆ. ಅಲ್ಲಿಂದ ಗದ್ದೆಗಳ ನಡುವೆ ಇಳಿದು ನದಿಯ ಬದಿಗೆ ಬಂದು, ಪಶ್ಚಿಮಕ್ಕೆ ಸಾಣಾಪುರದ ಕಡೆ ನಡೆದು, ಬಂಡೆಗುಡ್ಡಗಳ ನಡುವೆ ನಿಂತಿರುವ ಸಾಣಾಪುರ ಕೆರೆಯನ್ನು ನೋಡಿಕೊಂಡು, ಡಾಂಬರು ರಸ್ತೆಯಲ್ಲಿ ಮರಳಿ ಹನುಮನಹಳ್ಳಿಗೆ ಬಂದರೆ ಒಂದು ಸುತ್ತು ಮುಗಿಯುತ್ತದೆ. ಯಾವ ಬದುವಿನಲ್ಲಿ ತಿರುಗಿದೆವು ಎಂಬುದರ ಮೇಲೆ ದೂರ ಹೆಚ್ಚುಕಡಿಮೆಯಾಗುತ್ತದೆ. ಸುಮಾರು 10 ಕಿಲೋಮೀಟರ್ ಎಂದು ಹಿಡಿದುಕೊಂಡು ಸಿದ್ಧರಾಗುವುದು ಒಳಿತು. ಗದ್ದೆಯ ದಾರಿ ಬೆಳೆಯ ಕಾಲಕ್ಕೆ ತಕ್ಕಂತೆ ಬದಲಾಗುವುದರಿಂದ ಅಲ್ಲಿನ ರೈತರನ್ನು ಕೇಳಿಯೇ ಮುಂದುವರಿಯಬೇಕು.

ಈ ಮೂರು ನೋಟಗಳ ಹಿಂದೆ ಇರುವುದು ಒಂದೇ ನೀರು ಎಂಬುದನ್ನು ನಡೆಯುವವರು ಅರಿತಿರಲಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲೆ ಎಡದಂಡೆ ಕಾಲುವೆಯ ನೀರು ಈ ಸೀಮೆಯನ್ನು ಭತ್ತದ ಕಣಜವಾಗಿಸಿತು; ಕೆರೆಗೂ ಆ ಕಾಲುವೆಯೇ ಆಸರೆ. ಅದಕ್ಕೂ ಶತಮಾನಗಳ ಹಿಂದೆ ವಿಜಯನಗರದ ಅರಸರು ಕಟ್ಟಿಸಿದ ಕಾಲುವೆಗಳಲ್ಲಿ ಕೆಲವು ಇಂದಿಗೂ ನೀರು ಹರಿಸುತ್ತಿವೆ. ಸುತ್ತಲೂ ಸುಡುವ ಕಲ್ಲು, ನಡುವೆ ಮಂಡಿಯುದ್ದ ಹಸಿರು ಪೈರು. ಈ ವೈಚಿತ್ರ್ಯವನ್ನು ನೋಡುವುದಕ್ಕಾದರೂ ಒಮ್ಮೆ ನಡೆಯಬೇಕು ಎಂದು ನಮಗೆ ಅನ್ನಿಸುತ್ತದೆ.

ಸುತ್ತನ್ನು ಯಾವ ದಿಕ್ಕಿನಿಂದ ಆರಂಭಿಸಬೇಕು? ಅನೇಕರು ರಸ್ತೆಯಲ್ಲಿ ಸರಾಗವಾಗಿ ಕೆರೆಗೆ ಹೋಗಿ, ಹಿಂದಿರುಗುವಾಗ ಗದ್ದೆಗೆ ಇಳಿಯಲು ಬಯಸುತ್ತಾರೆ. ನಮ್ಮ ಸಲಹೆ ಇದಕ್ಕೆ ವಿರುದ್ಧವಾದದ್ದು. ಗದ್ದೆಯ ಬದು ಕಿರಿದು, ನೆಲ ಏರುಪೇರು, ಅಲ್ಲಿ ವಾಹನ ಬಾರದು. ಅಂತಹ ಭಾಗವನ್ನು ಮೈ ಹಗುರವಾಗಿರುವಾಗಲೇ, ಬೆಳಗಿನ ತಂಪಿನಲ್ಲಿಯೇ ದಾಟಬೇಕು. ರಸ್ತೆಯ ಭಾಗ ಕೊನೆಗಿರಲಿ; ಅಲ್ಲಿ ಯಾರಿಗಾದರೂ ಕಾಲು ಸೋತರೆ ಆಟೋ, ಬಸ್ಸು ದೊರೆಯುತ್ತವೆ, 108ರ ಆಂಬುಲೆನ್ಸ್ ಬರುವುದೂ ಸುಲಭ. ನಿಮ್ಮ ಊರಿನ ಕೆರೆ-ಹೊಳೆಯ ಸುತ್ತಿಗೂ ಇದೇ ನಿಯಮ ಅನ್ವಯಿಸುತ್ತದೆ.

ಈ ಆಯ್ಕೆಗೆ ಒಂದು ಬೆಲೆಯೂ ಇದೆ: ರಸ್ತೆಗೆ ಬರುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಇಲ್ಲಿನ ಬೇಸಿಗೆ 40 ಡಿಗ್ರಿಯನ್ನು ದಾಟುವಂಥದ್ದು, ಕಾದ ಬಂಡೆಗಳು ಬಿಸಿಯನ್ನು ಮೈಮೇಲೆ ಎರಚುತ್ತವೆ. ಆದಕಾರಣ ಈ ಸುತ್ತಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ತಕ್ಕುದು. ಆಗಲೂ ಬೆಳಕು ಹರಿದೊಡನೆ ಹೊರಟು, ನಿಂತು ನಿಂತು ನಡೆದರೂ ಹತ್ತೂವರೆಯೊಳಗೆ ನೆರಳು ಸೇರಬೇಕು. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಜೊತೆಯಲ್ಲಿರಲಿ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಲ್ಲಿ ನೀರಿನಂಶ ಬೇಗ ಕುಗ್ಗುತ್ತದೆ. ಕುಳಿತು ಎದ್ದೊಡನೆ ಕಣ್ಣು ಕತ್ತಲಿಟ್ಟರೆ ಅದು ಮೊದಲ ಸೂಚನೆ. ತಾವಾಗಿಯೇ ಮಾತ್ರೆ ಬಿಡಬಾರದು, ಹೊರಡುವ ಮುನ್ನ ವೈದ್ಯರನ್ನು ಕೇಳಬೇಕು. ಬಿಸಿಲಿನಲ್ಲಿ ಯಾರಾದರೂ ಅಸಂಬದ್ಧವಾಗಿ ಮಾತನಾಡತೊಡಗಿದರೆ ಅದನ್ನು ಬರಿಯ ದಣಿವೆಂದು ತಿಳಿಯದೆ, ನೆರಳಿಗೆ ಕರೆದೊಯ್ದು ಮೈಗೆ ನೀರು ಸುರಿದು ಗಾಳಿ ಬೀಸುತ್ತ ಆಂಬುಲೆನ್ಸಿಗೆ ಕರೆ ಮಾಡಬೇಕು.

ಈಗ ಮಧುಮೇಹಿಗಳ ಮಾತು. ನಡೆಯುವ ಸ್ನಾಯು ಇನ್ಸುಲಿನ್ನಿನ ನೆರವನ್ನು ಹೆಚ್ಚಾಗಿ ಕಾಯದೆ ರಕ್ತದಿಂದ ಸಕ್ಕರೆಯನ್ನು ಹೀರಿಕೊಳ್ಳಬಲ್ಲುದು. ನಡಿಗೆ ಮಧುಮೇಹಕ್ಕೆ ಮದ್ದಾಗುವುದು ಈ ಗುಣದಿಂದ. ಅಪಾಯವೂ ಇದೇ ಗುಣದಲ್ಲಿದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆ ತೆಗೆದುಕೊಂಡು ಮೂರು ಗಂಟೆ ನಡೆದರೆ ಸಕ್ಕರೆ 70ಕ್ಕಿಂತ ಕೆಳಗೆ ಜಾರಬಹುದು. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಇದು ವಿರಳ. ಇಷ್ಟಲಿಂಗ ಪೂಜೆಗೆ ಮುನ್ನ ಏನನ್ನೂ ಸೇವಿಸದ ನೇಮ ನಮ್ಮಲ್ಲಿ ಅನೇಕರಿಗಿದೆ. ನಡಿಗೆ ಮುಗಿಸಿ, ಸ್ನಾನ ಮಾಡಿ, ನಿಧಾನವಾಗಿ ಪೂಜೆಗೆ ಕುಳಿತರಾಯಿತೆಂದು ಬರಿಹೊಟ್ಟೆಯಲ್ಲಿ ಹೊರಡುವವರುಂಟು. ಈ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹಾಗೆ ಮಾಡಲೇಬಾರದು. ಒಂದು ಗಂಟೆ ಮುಂಚಿತವಾಗಿ ಎದ್ದು, ಪೂಜೆಯನ್ನು ಮುಗಿಸಿ, ಪ್ರಸಾದ ಸ್ವೀಕರಿಸಿಯೇ ಹೊರಟರೆ ನೇಮಕ್ಕೂ ಭಂಗವಿಲ್ಲ, ದೇಹಕ್ಕೂ ಭಯವಿಲ್ಲ. ಹೊರಡುವಾಗ ಸಕ್ಕರೆ 100ಕ್ಕಿಂತ ಕಡಿಮೆಯಿದ್ದರೆ ಇನ್ನಷ್ಟು ತಿಂದು ಹೊರಡಬೇಕು.

ಸಕ್ಕರೆ ಇಳಿದಾಗ ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಬಿಸಿಲಿನಲ್ಲಿ ನಡೆಯುವವನು ಹೇಗೂ ಬೆವರುತ್ತಾನೆ. ಅಟೆನೊಲಾಲ್, ಮೆಟೊಪ್ರೊಲಾಲ್ ಮಾತ್ರೆಗಳು ನಡುಕವನ್ನೂ ಎದೆಬಡಿತವನ್ನೂ ಮರೆಮಾಡುತ್ತವೆ. ಹೀಗಾಗಿ ಇವೆರಡೂ ಕೂಡಿದಲ್ಲಿ ಗುರುತುಗಳೇ ಕೈಕೊಡುತ್ತವೆ. ಅನುಮಾನ ಬಂದೊಡನೆ ನಿಂತು ಪರೀಕ್ಷಿಸಬೇಕು; ಯಂತ್ರ ಇಲ್ಲದಿದ್ದರೆ ಮೂರು ಚಹಾ ಚಮಚೆಯಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು 15 ನಿಮಿಷ ಕುಳಿತಿರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ನಡುದಾರಿಯಾದ ಕೆರೆಯ ಬಳಿ ಎಲ್ಲರೂ ಕುಳಿತು ತಿನ್ನುವ ಪದ್ಧತಿ ಇಟ್ಟುಕೊಂಡರೆ, ತಾನೊಬ್ಬನೇ ನಿಲ್ಲುವುದು ಹೇಗೆಂಬ ಸಂಕೋಚ ಯಾರಿಗೂ ಇರದು.

ಪಾದದ ವಿಷಯವನ್ನು ಇನ್ನೂ ವಿಸ್ತಾರವಾಗಿ ಹೇಳಬೇಕಾಗಿದೆ. ಬರಿಗಾಲಿನ ಪಾದಯಾತ್ರೆ ನಮ್ಮ ನಾಡಿನಲ್ಲಿ ಹಳೆಯ ಸಂಪ್ರದಾಯ. ಇದೇ ಹನುಮನಹಳ್ಳಿಯ ಬಳಿ ಅಂಜನಾದ್ರಿಗೆ ಬರಿಗಾಲಿನಲ್ಲಿ ಬರುವ ಮಾಲಾಧಾರಿಗಳನ್ನು ನೋಡಬಹುದು. ಆರೋಗ್ಯವಂತನ ಪಾದಕ್ಕೆ ಮುಳ್ಳು ಚುಚ್ಚಿದರೆ ತಕ್ಷಣ ತಿಳಿಯುತ್ತದೆ, ಕಾದ ಡಾಂಬರು ತಾಗಿದರೆ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ಬಹುಕಾಲದ ಮಧುಮೇಹದಿಂದ ನರಗಳು ಸೊರಗಿದ ಪಾದಕ್ಕೆ ಆ ಎಚ್ಚರಿಕೆ ಸಿಗುವುದಿಲ್ಲ. ನೋವಿಲ್ಲವೆಂಬುದನ್ನೇ ಅವರು ಗಟ್ಟಿತನವೆಂದು ಭಾವಿಸಿ ಮುಂದೆ ನಡೆಯುತ್ತಾರೆ. ಬೊಬ್ಬೆ ಎದ್ದು ಒಡೆದು, ಗದ್ದೆಯ ಕೆಸರು ಸೇರಿ, ಕೀವಾಗಿ, ವಾಸನೆ ಬಂದ ಮೇಲೆಯೇ ಮನೆಯವರ ಗಮನಕ್ಕೆ ಬರುವುದುಂಟು. ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವ ಎಷ್ಟೋ ಪ್ರಸಂಗಗಳ ಮೂಲ ಇಂತಹ ಒಂದು ಸಣ್ಣ ಗಾಯ. ತೆಳುವಾದ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ಸ್ಪರ್ಶಜ್ಞಾನವನ್ನು ಪರೀಕ್ಷಿಸುವ ಸುಲಭ ವಿಧಾನ ವೈದ್ಯರಲ್ಲಿದೆ. ವರ್ಷಕ್ಕೊಮ್ಮೆ ಅದನ್ನು ಮಾಡಿಸಿಕೊಳ್ಳಬೇಕು. ಸ್ಪರ್ಶ ಕುಗ್ಗಿದೆಯೆಂದು ತಿಳಿದವರು ಬರಿಗಾಲಿನ ಹರಕೆ ಹೊರಬಾರದೆಂದು ನಾವು ಕೈಮುಗಿದು ಕೇಳುತ್ತೇವೆ. ಮುಂಭಾಗ ಮುಚ್ಚಿದ, ಬೆರಳಿಗೆ ಜಾಗವಿರುವ, ಈಗಾಗಲೇ ಹಾಕಿ ಪಳಗಿದ ಬೂಟು, ಹತ್ತಿಯ ಕಾಲುಚೀಲ ಇರಲಿ. ಹೊಸ ಬೂಟಿನ ಮೊದಲ ದಿನವೇ 10 ಕಿಲೋಮೀಟರ್ ನಡೆಯುವುದು ಬೊಬ್ಬೆಗೆ ಆಹ್ವಾನ. ಹಾಕುವ ಮುನ್ನ ಬೂಟಿನೊಳಗೆ ಕೈಯಾಡಿಸಿ ಕಲ್ಲುಹರಳನ್ನು ನೋಡುವುದೂ ಅಗತ್ಯ.

ಮುಚ್ಚಿದ ಬೂಟಿಗೆ ಗದ್ದೆಯಲ್ಲಿ ಇನ್ನೂ ಒಂದು ಕಾರಣವುಂಟು. ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಬದುವಿನ ಹುಲ್ಲು ಕಾಣದ ಕತ್ತಲೆಯಲ್ಲಿ ಇಳಿಯಬಾರದು, ಕೈಯಲ್ಲಿ ಕೋಲಿರಲಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ನಡೆಸದೆ, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಇಲಿಯ ಮೂತ್ರ ಬೆರೆತ ನೀರಿನಿಂದ ಗಾಯದ ಮೂಲಕ ಇಲಿಜ್ವರ ತಗಲುತ್ತದೆ. ಗದ್ದೆನೀರಿನಲ್ಲಿ ಕಾಲಿಟ್ಟವರಿಗೆ ಒಂದೆರಡು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಗದ್ದೆಯ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು. ಔಷಧ ಸಿಂಪಡಿಸುತ್ತಿರುವ ಹೊಲವನ್ನು ಗಾಳಿ ಬರುವ ಕಡೆಯಿಂದ ದೂರದಲ್ಲೇ ಬಳಸಿ ಹೋಗುವುದು ಸರಿ. ರೈತನ ಬದುವನ್ನು ತುಳಿದು ಕೆಡಿಸದಿರುವುದು ಆರೋಗ್ಯದ ಮಾತಲ್ಲ, ಆದರೂ ಹೇಳಿಬಿಡುತ್ತೇವೆ.

ನದಿಯಲ್ಲಿ ಮೀಯುವ ಆಸೆಯನ್ನು ಇಲ್ಲಿ ಬಿಡಲೇಬೇಕು. ಬಂಡೆಗಳ ನಡುವಿನ ಸುಳಿ ಮೇಲಿನಿಂದ ಕಾಣದು, ಅಣೆಕಟ್ಟಿನಿಂದ ನೀರು ಬಿಟ್ಟಾಗ ಹರಿವು ಬದಲಾಗುತ್ತದೆ. ತುಂಗಭದ್ರೆಯ ಈ ಪಾತ್ರದಲ್ಲಿ ಮೊಸಳೆಗಳೂ ಇವೆ, ನೀರುನಾಯಿಗಳೂ ಇವೆ; ನೀರುನಾಯಿಗಳಿಗಾಗಿಯೇ 2015ರಲ್ಲಿ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯವರೆಗಿನ ನದಿಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ದಡದಿಂದ ದೂರ ಕುಳಿತು ಸುಮ್ಮನೆ ನೋಡುತ್ತಿದ್ದರೆ ಅದೃಷ್ಟವಿದ್ದವರಿಗೆ ಒಂದು ನೀರುನಾಯಿಯ ತಲೆ ಕಂಡೀತು. ಕೆರೆಯಲ್ಲಿಯೂ ಈಜು ಬೇಡ. ಹರಿಗೋಲಿನಲ್ಲಿ ಕುಳಿತುಕೊಳ್ಳುವವರು ಜೀವರಕ್ಷಕ ಅಂಗಿಯನ್ನು ಧರಿಸಿಯೇ ಕುಳಿತುಕೊಳ್ಳಬೇಕು.

ಮರಳುವಾಗ ಅಂಜನಾದ್ರಿಯ 575 ಮೆಟ್ಟಿಲುಗಳನ್ನೂ ಹತ್ತಿಬಿಡೋಣವೆಂಬ ಉತ್ಸಾಹ ಹುಟ್ಟುವುದು ಸಹಜ. ಹತ್ತುವುದು ಎದೆಗೆ ಕಷ್ಟ, ಇಳಿಯುವುದು ಮಂಡಿಗೆ ಕಷ್ಟ. ಇಳಿಯುವಾಗ ತೊಡೆಯ ಸ್ನಾಯು ಚಾಚುತ್ತಲೇ ಭಾರ ತಡೆಯಬೇಕಾಗಿರುವುದರಿಂದ, ದಣಿದ ತೊಡೆ ಆ ಕೆಲಸವನ್ನು ಕೀಲಿಗೆ ಬಿಟ್ಟುಬಿಡುತ್ತದೆ. ಮಂಡಿನೋವಿನವರು ಬೆಟ್ಟವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಲಿ.

ಇಷ್ಟು ದೂರಕ್ಕೆ ದೇಹವನ್ನು ಅಣಿಗೊಳಿಸಲು ಆರು ವಾರಗಳಾದರೂ ಬೇಕು. ವಾರಕ್ಕೆ ಕನಿಷ್ಠ 150 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಮೊದಲ ವಾರ ಊರ ಕೆರೆಯ ಏರಿಯ ಮೇಲೆ ದಿನಕ್ಕೆ ಎರಡು ಕಿಲೋಮೀಟರಿನಿಂದ ತೊಡಗಿ, ವಾರಕ್ಕೊಂದು ದಿನದ ನಡಿಗೆಯನ್ನು ಮಾತ್ರ ಕ್ರಮೇಣ ಏಳೆಂಟು ಕಿಲೋಮೀಟರಿಗೆ ಬೆಳೆಸಬೇಕು. ವೇಗಕ್ಕೆ ಗಡಿಯಾರ ಬೇಕಿಲ್ಲ: ಜೊತೆಯವರೊಡನೆ ಮಾತನಾಡಲು ಬರಬೇಕು, ಹಾಡಲು ಬರಬಾರದು. ನಡೆಯುವಾಗ ಎದೆ ಹಿಡಿದಂತಾಗಿ ನಿಂತೊಡನೆ ಬಿಡುವವರು ಹೃದಯ ಪರೀಕ್ಷೆಯಾಗುವವರೆಗೆ ಸುತ್ತಿನ ಮಾತೆತ್ತಬಾರದು.

ಮನೆಗೆ ಬಂದ ಮೇಲೆ ಪಾದ ತೊಳೆದು, ಬೆರಳಸಂದುಗಳನ್ನು ಒರೆಸಿ, ಅಂಗಾಲನ್ನು ಕನ್ನಡಿ ಹಿಡಿದು ನೋಡಬೇಕು. ಕಣ್ಣು ಮಂದವಾದ ಹಿರಿಯರ ಪಾದವನ್ನು ಮಗನೋ ಸೊಸೆಯೋ ನೋಡಲಿ. ದುಡಿದ ಸ್ನಾಯು ತನ್ನ ಬರಿದಾದ ದಾಸ್ತಾನನ್ನು ತುಂಬಿಕೊಳ್ಳುತ್ತ ರಾತ್ರಿಯೆಲ್ಲ ಸಕ್ಕರೆಯನ್ನು ಎಳೆದುಕೊಳ್ಳುತ್ತಿರುತ್ತದೆ. ಆದ್ದರಿಂದ ಇನ್ಸುಲಿನ್ ತೆಗೆದುಕೊಳ್ಳುವವರು ಅಂದು ರಾತ್ರಿ ಊಟ ತಪ್ಪಿಸದೆ, ಮಲಗುವ ಮುನ್ನ ಸಕ್ಕರೆಯನ್ನು ಇನ್ನೊಮ್ಮೆ ಪರೀಕ್ಷಿಸಿಕೊಂಡು, ಹಾಸಿಗೆಯ ಪಕ್ಕದಲ್ಲಿ ಒಂದು ತುಂಡು ಬೆಲ್ಲವನ್ನು ಇಟ್ಟುಕೊಳ್ಳಬೇಕು.