ಅಪ್ಪನ ಕೈಗೆ ಮಗು ಕೊಡಿ

ಪ್ರಶ್ನೆ: ನನ್ನ ಗಂಡ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಎಂಟು ತಿಂಗಳ ಮಗಳಿದ್ದಾಳೆ. ಅವರು ಬಂದ ಕೂಡಲೇ ಹಿತ್ತಲ ಬಚ್ಚಲಿಗೆ ಕಳಿಸಿ, ಬಟ್ಟೆ ಬೇರೆ ನೆನೆಹಾಕುತ್ತೇನೆ. ಆದರೂ ಮಗುವನ್ನು ಕೊಡಲು ಮನಸ್ಸು ಒಪ್ಪುವುದಿಲ್ಲ. ಎಕ್ಸ್-ರೇ ಕೋಣೆಯಲ್ಲಿ ಹಾಕಿಕೊಳ್ಳುವಂಥ ಸೀಸದ ಏಪ್ರನ್ ತರಿಸಿಕೊಟ್ಟರೆ ಆದೀತೇ?
– ಹೆಸರು ಬೇಡ, ಕಾರವಾರ ತಾಲೂಕು

ಉತ್ತರ: ತಂಗೀ, ಮೊದಲು ಮಗುವಿನ ಮಾತು. ಗಾಮಾ ಕಿರಣ ಮೈಮೇಲೆ ಬಿದ್ದ ಮಾತ್ರಕ್ಕೆ ಮನುಷ್ಯ ತಾನೇ ವಿಕಿರಣ ಸೂಸುವುದಿಲ್ಲ. ದಿನವಿಡೀ ಬಿಸಿಲಲ್ಲಿ ದುಡಿದವರ ಮೈ ರಾತ್ರಿ ಬೆಳಕು ಚೆಲ್ಲುತ್ತದೆಯೇ? ಮನೆಯವರೆಗೆ ಬರಬಹುದಾದದ್ದು ಬಟ್ಟೆಗೋ ಬೂಟಿಗೋ ಅಂಟಿದ ವಿಕಿರಣಶೀಲ ಧೂಳು. ಅದಕ್ಕೆಂದೇ ಒಳಗೆ ತೊಟ್ಟ ಬಟ್ಟೆಯನ್ನು ಅಲ್ಲೇ ಕಳಚಿಡಬೇಕು, ಹೊರಬೀಳುವಾಗ ಕೈಕಾಲುಗಳನ್ನು ಯಂತ್ರಕ್ಕೆ ಒಡ್ಡಬೇಕು. ಎಷ್ಟೇ ಅವಸರವಿದ್ದರೂ ಅದನ್ನು ತಪ್ಪಿಸಬೇಡಿ ಎಂದು ಅವರಿಗೆ ಹೇಳಿ.

ಏಪ್ರನ್ ಖಂಡಿತ ಬೇಡ. ಅದರಲ್ಲಿರುವ ಸೀಸ ಹೆಚ್ಚೆಂದರೆ ಅರ್ಧ ಮಿಲಿಮೀಟರಿನಷ್ಟು, ಆಸ್ಪತ್ರೆಯ ಮೆದು ಎಕ್ಸ್-ರೇಗೆ ಸಾಕು. ರಿಯಾಕ್ಟರಿನ ಕೊಳವೆಗಳಲ್ಲಿ ಕೂರುವ ಕೋಬಾಲ್ಟ್-60ರ ಗಾಮಾ ಅರ್ಧಕ್ಕೆ ಇಳಿಯಬೇಕಾದರೇ ಸುಮಾರು 12 ಮಿಲಿಮೀಟರ್ ಸೀಸ ಬೇಕು, ಕಾಂಕ್ರೀಟಾದರೆ 6 ಸೆಂಟಿಮೀಟರ್. ಏಪ್ರನ್ನಿನ ಭಾರಕ್ಕೆ ಕೆಲಸ ನಿಧಾನವಾಗಿ, ಅಲ್ಲಿ ನಿಲ್ಲುವ ಹೊತ್ತೇ ಹೆಚ್ಚುತ್ತದೆ. ಬೇಗ ಮುಗಿಸುವುದು, ದೂರ ನಿಲ್ಲುವುದೇ ಅವರಿಗೆ ದೊಡ್ಡ ಕವಚ. ಚಿಕ್ಕ ಮೂಲವೊಂದರಿಂದ ಎರಡರಷ್ಟು ದೂರ ಸರಿದರೆ ಪ್ರಮಾಣ ಕಾಲುಭಾಗಕ್ಕೆ ಇಳಿಯುತ್ತದೆ. ನ್ಯೂಟ್ರಾನಿಗಂತೂ ಸೀಸ ಲೆಕ್ಕಕ್ಕೇ ಇಲ್ಲ. ಗೋಲಿಯನ್ನು ನಿಲ್ಲಿಸಲು ಅದರಷ್ಟೇ ತೂಕದ ಇನ್ನೊಂದು ಗೋಲಿ ಬೇಕಲ್ಲ, ಹಾಗೆ ನ್ಯೂಟ್ರಾನನ್ನು ತಡೆಯಲು ಹೈಡ್ರೋಜನ್ ತುಂಬಿದ ನೀರು ಬೇಕು.

ನಾನು ಎಚ್ಚರಿಸಬೇಕಾದದ್ದು ಬೇರೆಯೇ ಇದೆ. ಕೈಗಾದ ರಿಯಾಕ್ಟರುಗಳಲ್ಲಿ ಹರಿಯುವುದು ಭಾರಜಲ. ಅದರಲ್ಲಿ ಟ್ರಿಟಿಯಂ ಹುಟ್ಟುತ್ತದೆ. ಅದು ಸೂಸುವ ಬೀಟಾ ಎಷ್ಟು ದುರ್ಬಲವೆಂದರೆ ಚರ್ಮದ ಮೇಲಿನ ಸತ್ತ ಪದರವನ್ನೂ ದಾಟಲಾರದು. ಆದರೆ ಟ್ರಿಟಿಯಂ ನೀರಿನ ರೂಪದಲ್ಲೇ ಇರುವುದರಿಂದ, ಕುಡಿದರೂ ಆವಿಯನ್ನು ಉಸಿರಾಡಿದರೂ ಮೈಯ ನೀರಿಗೇ ಸೇರಿಬಿಡುತ್ತದೆ. 2009ರ ನವೆಂಬರಿನಲ್ಲಿ ಅಲ್ಲೇ ಕುಡಿಯುವ ನೀರಿನ ಕೂಲರಿಗೆ ಯಾರೋ ಭಾರಜಲ ಬೆರೆಸಿದ್ದರಿಂದ 50ಕ್ಕೂ ಹೆಚ್ಚು ನೌಕರರ ಹೊಟ್ಟೆಗೆ ಅದು ಹೋಗಿತ್ತು. ಗೊತ್ತಾದದ್ದು ಮೂತ್ರ ಪರೀಕ್ಷೆಯಿಂದ. ಸಮಾಧಾನದ ಸಂಗತಿಯೆಂದರೆ, ಹತ್ತು ದಿನಕ್ಕೊಮ್ಮೆ ಅದರ ಸುಮಾರು ಅರ್ಧದಷ್ಟು ದೇಹದಿಂದ ತಾನೇ ಹೊರಟುಹೋಗುತ್ತದೆ. ಹೆಚ್ಚು ನೀರು ಕುಡಿದಷ್ಟೂ ಬೇಗ. ಆಲ್ಫಾ ಸೂಸುವ ವಸ್ತುವೂ ಹೀಗೇ: ಹೊರಗಿದ್ದಾಗ ಒಂದು ಹಾಳೆ ಕಾಗದ ಸಾಕು, ಒಳಹೊಕ್ಕರೆ ಯಾವ ಕವಚವೂ ಇಲ್ಲ. ಆದ್ದರಿಂದ ನಿರ್ಬಂಧಿತ ಜಾಗದಲ್ಲಿ ತಿನ್ನುವುದು, ಕುಡಿಯುವುದು, ಎಲೆಅಡಿಕೆ, ಗುಟ್ಕಾ ಯಾವುದೂ ಕೂಡದು. ಮೂತ್ರದ ಮಾದರಿ ಕೇಳಿದಾಗ ತಪ್ಪದೆ ಕೊಡಲಿ.

ಮೈಗೆ ತಗುಲಿದ ವಿಕಿರಣವನ್ನು ಅಳೆಯಲು ಅವರ ಎದೆಯ ಮೇಲಿರುವ ಟಿಎಲ್‌ಡಿ ಬ್ಯಾಡ್ಜಿನ ಲೆಕ್ಕ ಕೇಳಿ ಪಡೆಯಿರಿ. ಕೇಳುವುದು ಗುತ್ತಿಗೆಯವರಿಗೂ ಹಕ್ಕು. ವಿಕಿರಣ ಕೆಲಸಗಾರರಿಗೆ ಐದು ವರ್ಷದ ಸರಾಸರಿ 20 ಮಿಲಿಸೀವರ್ಟ್, ಯಾವ ವರ್ಷವೂ 30 ಮೀರುವಂತಿಲ್ಲ. ಪಡಿತರದ ಚೀಟಿ ಇಡುವ ಡಬ್ಬಿಯಲ್ಲೇ ಆ ಲೆಕ್ಕವನ್ನೂ ಇಡಿ.

ಇವತ್ತು ಸಂಜೆ ಅವರು ಕೈಕಾಲು ತೊಳೆದು ಬಂದಮೇಲೆ, ಚಹಾ ಕೊಡುವ ಮೊದಲೇ ಮಗಳನ್ನು ಕೊಡಿ. ನಾಲ್ಕು ತಿಂಗಳಿಂದ ಅವರು ಅದಕ್ಕೇ ಕಾದಿದ್ದಾರೆ.