ಗಣಕದ ಆರೋಗ್ಯ ತಪಾಸಣೆ: ಹಾರ್ಡ್‌ಡಿಸ್ಕಿನ ಮುನ್ಸೂಚನೆಗಳನ್ನು ಓದುವುದು

ಉದ್ದೇಶ: ಶಾಲೆಯ ಗಣಕದ ಹಾರ್ಡ್‌ಡಿಸ್ಕ್ ಕೆಡುವ ಮುನ್ನ ನೀಡುವ ಸೂಚನೆಗಳನ್ನು ಗುರುತಿಸಿ, ಅದರಲ್ಲಿರುವ ಕಲಿಕಾ ಸಾಮಗ್ರಿಯನ್ನು ಉಳಿಸಿಕೊಳ್ಳುವುದು.

ಪೀಠಿಕೆ

ಗಡಿನಾಡಿನ ಕನ್ನಡ ಶಾಲೆಗಳಿಗೆ ಒಗ್ಗುವ ಪೂರಕ ಸಾಮಗ್ರಿಯನ್ನು ಬಹುಮಟ್ಟಿಗೆ ಶಿಕ್ಷಕರೇ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. ಕೆಲವು ವರ್ಷಗಳ ಹಿಂದೆ ನಾನು ತರಬೇತಿ ನೀಡುತ್ತಿದ್ದ ಕೇಂದ್ರವೊಂದರಲ್ಲಿ, ಮಕ್ಕಳು ಮನೆಯ ಹಿರಿಯರಿಂದ ಕೇಳಿ ಬರೆದು ತಂದ ಒಗಟು, ಗಾದೆಗಳನ್ನು ಬೆರಳಚ್ಚು ಮಾಡಿ ಒಂದೇ ಗಣಕದಲ್ಲಿ ಇರಿಸಿದ್ದೆವು. ಹಲವು ವಾರಗಳಿಂದ ಕಡತಗಳು ನಿಧಾನವಾಗಿ ತೆರೆದುಕೊಳ್ಳುತ್ತಿದ್ದರೂ, ಯಂತ್ರ ಹಳೆಯದಾಯಿತೆಂದು ಸುಮ್ಮನಿದ್ದೆವು. ಒಂದು ಬೆಳಿಗ್ಗೆ ಗಣಕ ಆರಂಭವಾಗಲೇ ಇಲ್ಲ. ಕೈಬರಹದ ಹಾಳೆಗಳನ್ನು ಅದಾಗಲೇ ವಿಲೇವಾರಿ ಮಾಡಿದ್ದೆವು.

ಪರಿಕಲ್ಪನೆ

ಹಾರ್ಡ್‌ಡಿಸ್ಕ್ ತನ್ನ ದೋಷಗಳ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಈ ವ್ಯವಸ್ಥೆಗೆ ‘ಸ್ಮಾರ್ಟ್’ ಎಂದು ಹೆಸರು. ಆ ಲೆಕ್ಕವನ್ನು ನಮಗೆ ಓದಿ ತೋರಿಸುವ ಹಗುರ ತಂತ್ರಾಂಶಗಳಿವೆ.

ತಪಾಸಣೆಯ ಕ್ರಮ

1. ವಿಂಡೋಸ್ ಗಣಕದಲ್ಲಿ ‘ಕ್ರಿಸ್ಟಲ್‌ಡಿಸ್ಕ್‌ಇನ್ಫೋ’ ಎಂಬ ಉಚಿತ ತಂತ್ರಾಂಶವನ್ನು ಬಳಸಿರಿ. ಸ್ಥಾಪಿಸದೆಯೇ ಪೆನ್‌ಡ್ರೈವಿನಿಂದ ನಡೆಸಬಹುದಾದ ಆವೃತ್ತಿಯೂ ಇದೆ. ನೀಲಿ ಬಣ್ಣದ ‘ಗುಡ್’ ಸುಸ್ಥಿತಿಯನ್ನೂ, ಹಳದಿಯ ‘ಕಾಷನ್’ ಎಚ್ಚರಿಕೆಯನ್ನೂ, ಕೆಂಪಿನ ‘ಬ್ಯಾಡ್’ ಅಪಾಯವನ್ನೂ ಸೂಚಿಸುತ್ತವೆ.

2. ಕಾಸರಗೋಡು, ವಯನಾಡಿನ ಶಾಲೆಗಳಲ್ಲಿ ಬಳಕೆಯಲ್ಲಿರುವ ಕೈಟ್ ಲಿನಕ್ಸ್ ಉಬುಂಟು ಆಧಾರಿತವಾದುದು. ಉಬುಂಟುವಿನ ‘ಡಿಸ್ಕ್ಸ್’ ಉಪಕರಣವನ್ನು ತೆರೆದು, ಅದರ ಪಟ್ಟಿಯಲ್ಲಿ ‘ಸ್ಮಾರ್ಟ್ ಡೇಟಾ’ ಆರಿಸಿಕೊಳ್ಳಿರಿ.

3. ಮೂರು ಸಾಲುಗಳನ್ನು ಗಮನಿಸಿರಿ. ಕ್ರಮಾಂಕ 05 ಕೆಟ್ಟ ಭಾಗದ ಬದಲಿಗೆ ಮೀಸಲು ಭಾಗ ಬಳಸಿದ ಲೆಕ್ಕ. ಸಿ5 ಓದಲು ತೊಡಕಾಗಿ ಅನುಮಾನದಲ್ಲಿರುವ ಭಾಗಗಳ ಲೆಕ್ಕ. ಸಿ6 ಸರಿಪಡಿಸಲಾಗದವುಗಳ ಲೆಕ್ಕ. ಉಬುಂಟುವಿನಲ್ಲಿ ಇವೇ 5, 197, 198 ಎಂದು ಕಾಣುತ್ತವೆ. ಪ್ರತಿ ಸಾಲಿನ ಮೂಲಮೌಲ್ಯ ಸೊನ್ನೆಯಾಗಿದ್ದರೆ ಒಳಿತು; ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಡಿಸ್ಕ್ ಸವೆಯುತ್ತಿದೆ ಎಂದರ್ಥ.

ಎಚ್ಚರಿಕೆ ಕಂಡಾಗ

ಮೊದಲು ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿರಿ, ಉಳಿದೆಲ್ಲವೂ ಅನಂತರ. ಫಾರ್ಮ್ಯಾಟ್ ಮಾಡುವುದು, ದೀರ್ಘ ಪರೀಕ್ಷೆ ನಡೆಸುವುದು, ಮತ್ತೆ ಮತ್ತೆ ಆರಿಸಿ ಹೊತ್ತಿಸುವುದು ದುರ್ಬಲ ಡಿಸ್ಕಿಗೆ ಇನ್ನಷ್ಟು ಶ್ರಮ ಕೊಡುತ್ತವೆ. ತಂತ್ರಾಂಶ ಡಿಸ್ಕನ್ನು ಗುಣಪಡಿಸುವುದಿಲ್ಲ. ನಕಲು ಮಾಡಿಕೊಳ್ಳಲು ಕಾಲಾವಕಾಶ ಒದಗಿಸುತ್ತದೆ, ಅಷ್ಟೆ.

ಮಿತಿ

ಸುಸ್ಥಿತಿಯ ವರದಿಯೇ ಅಭಯಪತ್ರವಲ್ಲ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಅಧ್ಯಯನ ಮಾಡಿ ಗೂಗಲ್ ಸಂಶೋಧಕರು 2007ರಲ್ಲಿ ಪ್ರಕಟಿಸಿದ ವರದಿಯಂತೆ, ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪ್ರಬಲ ಮುನ್ಸೂಚನೆಗಳಲ್ಲಿ ಒಂದನ್ನೂ ತೋರಿರಲಿಲ್ಲ. ಆದುದರಿಂದ ವರದಿ ಏನೇ ಇರಲಿ, ಮುಖ್ಯ ಕಡತಗಳ ಪ್ರತಿ ಎರಡು ಕಡೆ ಇರಲೇಬೇಕು.

ಚಟುವಟಿಕೆ

ಪ್ರತಿ ತಿಂಗಳ ಮೊದಲ ಕೆಲಸದ ದಿನ ದಿನಾಂಕ, ಸ್ಥಿತಿ, ಉಷ್ಣಾಂಶ ಹಾಗೂ ಮೇಲಿನ ಮೂರು ಅಂಕಿಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಿರಿ. ಮೇಲ್ತರಗತಿಯ ಇಬ್ಬರು ವಿದ್ಯಾರ್ಥಿಗಳಿಗೆ ಸರದಿಯಂತೆ ಈ ಹೊಣೆಯನ್ನು ವಹಿಸಬಹುದು. ಮೂರು ತಿಂಗಳ ಬಳಿಕ ಅಂಕಿಗಳನ್ನು ಹೋಲಿಸಿ, ಕಂಡುಬಂದ ವ್ಯತ್ಯಾಸವನ್ನು ಮುಖ್ಯೋಪಾಧ್ಯಾಯರ ಗಮನಕ್ಕೆ ತನ್ನಿರಿ.