ಬಾತುಕೋಳಿ ಮಗುವಿನ ಕೈಗೆ ಸಿಗಬೇಕು

ಎರಡು-ಮೂರು ವರ್ಷದ ಮಕ್ಕಳ ಹುಟ್ಟುಹಬ್ಬಕ್ಕೂ ಈಗ ಥೀಮ್ ಇರಲೇಬೇಕು. ಕಾಡು, ಬಾಹ್ಯಾಕಾಶ, ಡೈನೋಸಾರ್, ರಾಜಕುಮಾರಿ ಎಂದು ಬೆಂಗಳೂರಿನ ಡೆಕೊರೇಶನ್‌ನವರು ಫೋನಿಗೇ ಆಲ್ಬಮ್ ಕಳಿಸುತ್ತಾರೆ. ನೋಡುತ್ತಾ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಇರುವುದೆಲ್ಲ ಗೋಡೆಯ ಮೇಲೆ, ಐದಾರು ಅಡಿ ಎತ್ತರದಲ್ಲಿ, ಫೋಟೊ ತೆಗೆಯುವವರಿಗೆ ಅನುಕೂಲವಾಗುವಂತೆ. ಮೂರಡಿ ಎತ್ತರದ ಮಗು ಅಲ್ಲಿ ಮುಟ್ಟಬಹುದಾದದ್ದು ಬಹಳ ಕಡಿಮೆ. ಮುಟ್ಟಿದರೆ ಗದರಿಕೆ ಬೇರೆ.

ಮಗಳಿಗೆ ಮೂರು ತುಂಬುವಾಗ ರಬ್ಬರ್ ಬಾತುಕೋಳಿಯ ಹುಟ್ಟುಹಬ್ಬವೇ ಆಗಬೇಕು ಎಂದು ನಾನು ಪಟ್ಟು ಹಿಡಿದದ್ದು ಅದಕ್ಕಾಗಿಯೇ. ದಿನವೂ ಬಚ್ಚಲುಮನೆಯಲ್ಲಿ ಅವಳ ಜೊತೆಗಿರುವ ಆಟಿಕೆ ಅದು. ಹಿಡಿಯಬಹುದು, ಹಿಂಡಬಹುದು, ಮುಳುಗಿಸಬಹುದು. ಬಿಟ್ಟರೆ ಮೇಲೆದ್ದು ಬರುತ್ತದೆ. ಆಮೇಲೆ ಅಕ್ಕನ ಮಗನಿಗೆ, ಕೆಳಗಿನ ಮನೆಯ ಅವಳಿ ಮಕ್ಕಳಿಗೆ ಇಂಥದ್ದೇ ಹಬ್ಬ ಏರ್ಪಡಿಸಿದೆ. ಪ್ರತಿ ಸಲವೂ ನಾನು ಹಿಡಿದುಕೊಂಡದ್ದು ಒಂದೇ ಅಳತೆ: ತರುವ ವಸ್ತುವಿನಲ್ಲಿ, ಮಾಡುವ ಏರ್ಪಾಟಿನಲ್ಲಿ, ಮಗುವಿನ ಕೈಗೆ ಏನು ಸಿಗುತ್ತದೆ?

ಬಾತುಕೋಳಿ ಕೊಳ್ಳುವಾಗಲೇ ಈ ಪ್ರಶ್ನೆ ಗಂಭೀರವಾಗುತ್ತದೆ. ಕೈಗೆ ಸಿಕ್ಕಿದ್ದು ಮರುಕ್ಷಣ ಬಾಯಿಗೆ ಹೋಗುವ ವಯಸ್ಸು ಅದು. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೂ ಮೂಟೆಯಲ್ಲಿ ತುಂಬಿಸಿಟ್ಟು ಡಜನ್ ಲೆಕ್ಕದಲ್ಲಿ ಮಾರುವ, ಯಾವ ಗುರುತೂ ಇಲ್ಲದ, ಮೂಗಿಗೆ ಹಿಡಿದರೆ ಘಾಟು ವಾಸನೆ ಹೊಡೆಯುವ ಬಾತುಕೋಳಿಗಳು ಸಿಗುತ್ತಲೇ ಇವೆ. ರಬ್ಬರ್ ಎಂದು ಕರೆದರೂ ಇವುಗಳಲ್ಲಿ ಹೆಚ್ಚಿನವು ಪಿವಿಸಿ ಪ್ಲಾಸ್ಟಿಕ್. ಅದನ್ನು ಮೆತ್ತಗೆ ಮಾಡಲು ಬಳಸುವ ಥಾಲೇಟ್ ಎಂಬ ರಾಸಾಯನಿಕಗಳಿಗೆ ಆಟಿಕೆಯ ಮಾನದಂಡದಲ್ಲಿ ಮಿತಿ ಹಾಕಿದ್ದಾರೆ. ಗುರುತಿಗೆ ಬೆಲೆ ಇರುವುದು ಇಂಥ ಕಾರಣಗಳಿಗೆ. ಗಾತ್ರವೂ ಮುಖ್ಯ. ಮೂರು ವರ್ಷದೊಳಗಿನವರ ಆಟಿಕೆಗಳನ್ನು ಪರೀಕ್ಷಿಸುವ ಸಿಲಿಂಡರಿನ ವ್ಯಾಸ 31.7 ಮಿಲಿಮೀಟರ್; ಅದರೊಳಗೆ ಪೂರ್ತಿ ಇಳಿಯುವ ಯಾವುದೂ ಗಂಟಲಿಗೆ ಅಪಾಯ. ಕೇಕಿನ ಮೇಲೆ ಕೂರಿಸಲು ನೂರರ ಲೆಕ್ಕದಲ್ಲಿ ಬರುವ ಹೆಬ್ಬೆರಳ ಗಾತ್ರದ ಪುಟಾಣಿ ಬಾತುಗಳನ್ನು ನಾನು ಮನೆಯೊಳಗೇ ತರುವುದಿಲ್ಲ. ಕೀಚ್ ಎನ್ನುವ ಪೀಪಿ ತಳದಲ್ಲಿದ್ದರೆ ಅದನ್ನು ಉಗುರಿನಿಂದ ಎಬ್ಬಿಸಿ ನೋಡುತ್ತೇನೆ. ಅಲ್ಲಾಡಿದರೆ ಆ ಬಾತು ಬೇಡ.

ತಳದಲ್ಲಿ ತೂತೇ ಇಲ್ಲದ್ದು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ತೂತಿನಿಂದ ಒಳಹೋದ ನೀರು ಪೂರ್ತಿ ಹೊರಬರುವುದಿಲ್ಲ. ಒಳಗೆ ಲೋಳೆ ಕಟ್ಟುತ್ತದೆ, ಬೂಸ್ಟು ಬೆಳೆಯುತ್ತದೆ. 2018ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕದ ವಿಜ್ಞಾನಿಗಳು ಮನೆಗಳಲ್ಲಿ ಬಳಸಿದ ಸ್ನಾನದ ಆಟಿಕೆಗಳನ್ನು ಕೊಯ್ದು ನೋಡಿದ್ದರು. ಒಳಮೈಯ ಒಂದು ಚದರ ಸೆಂಟಿಮೀಟರಿನಲ್ಲಿ 50 ಲಕ್ಷದಿಂದ ಏಳೂವರೆ ಕೋಟಿಯವರೆಗೆ ಜೀವಕೋಶಗಳಿದ್ದವು. ಹಿಂಡಿದರೆ ಆ ನೀರು ಚಿಮ್ಮುವುದು ನೇರ ಮುಖಕ್ಕೆ. ಇದನ್ನು ಓದಿದ ಮೇಲೆ ಮಗಳ ಹಳೆಯ ಬಾತುಗಳನ್ನೆಲ್ಲ ಕತ್ತರಿಸಿ ನೋಡಿ ಎಸೆದೆ.

ಅಲಂಕಾರಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 2022ರ ಜುಲೈ 1ರಿಂದ ನಿಷೇಧವಾದ ಪ್ಲಾಸ್ಟಿಕ್ ವಸ್ತುಗಳ ಪಟ್ಟಿ ಓದಿದರೆ ಅರ್ಧ ಹುಟ್ಟುಹಬ್ಬವೇ ಅದರಲ್ಲಿದೆ: ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೊಕೋಲ್, ತಟ್ಟೆ, ಲೋಟ, ಚಮಚ, ಸ್ಟ್ರಾ. ಹಳದಿ ಬೇಕು ತಾನೆ? ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಹೋದರೆ ಹಳದಿ ಚೆಂಡುಹೂವು, ಸೇವಂತಿಗೆ ರಾಶಿ ಬಿದ್ದಿರುತ್ತದೆ. ಮಾಲೆಗಳನ್ನು ಮಕ್ಕಳ ಎದೆಯ ಮಟ್ಟಕ್ಕೆ ಕಟ್ಟಿದೆವು. ಕಿತ್ತರು, ದಳ ಬಿಡಿಸಿದರು, ಟಬ್ಬಿಗೆ ಹಾಕಿ ತೇಲಿಸಿದರು. ಬಲೂನ್ ಕಟ್ಟಲಿಲ್ಲ. ಒಡೆದ ಬಲೂನಿನ ಚೂರು ಗಂಟಲಿನಲ್ಲಿ ಅಂಟಿ ಕೂತರೆ ತೆಗೆಯುವುದು ಬಹಳ ಕಷ್ಟ. ಅಮೆರಿಕದಲ್ಲಿ ಬಲೂನ್ ಪೊಟ್ಟಣಗಳ ಮೇಲೆ ಎಂಟು ವರ್ಷದೊಳಗಿನ ಮಕ್ಕಳ ಬಗ್ಗೆ ಎಚ್ಚರಿಕೆ ಅಚ್ಚಾಗಿರುತ್ತದೆ. ಬಲೂನಿಲ್ಲದ ಹುಟ್ಟುಹಬ್ಬ ಎಂಥದ್ದು ಎಂದು ದೊಡ್ಡವರು ಕೇಳಿದರು. ಮಕ್ಕಳು ಯಾರೂ ಕೇಳಲಿಲ್ಲ.

ಹೊತ್ತಿನ ಬಗ್ಗೆ ಮಾತ್ರ ನಾನು ಯಾರ ಮಾತಿಗೂ ಒಪ್ಪಲಿಲ್ಲ. ಸಂಜೆ ಏಳಕ್ಕೆ, ನಿದ್ದೆಗಣ್ಣಿನ ಮಕ್ಕಳನ್ನು ಸ್ಪೀಕರ್ ಮುಂದೆ ಕೂರಿಸಿ ಮಾಡುವ ಹಬ್ಬ ಮಕ್ಕಳಿಗೆ ಶಿಕ್ಷೆ. ಏಪ್ರಿಲ್ ತಿಂಗಳು, ಬೆಳಿಗ್ಗೆ ಹತ್ತು ಗಂಟೆ, ಟೆರೇಸಿನ ಮೇಲೆ ಹಸಿರು ನೆರಳುಬಲೆಯ ಕೆಳಗೆ. ಮಧ್ಯಾಹ್ನ ಹನ್ನೆರಡೂವರೆಗೆ ಊಟ ಮುಗಿದು ಎಲ್ಲರೂ ಮನೆಗೆ, ನಿದ್ದೆಗೆ. ಮೊದಲು ಆರತಿ, ಆಮೇಲೆ ನೀರು, ಕೊನೆಗೆ ಊಟ. ಈ ಕ್ರಮ ತಪ್ಪಬಾರದು. ನೀರು ಕಂಡ ಮಗುವನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತುವುದು ಯಾವ ಅಜ್ಜಿಯಿಂದಲೂ ಆಗದ ಕೆಲಸ. ಅಜ್ಜಿ ಆರತಿ ತಟ್ಟೆ ಕೆಳಗಿಟ್ಟ ಮೇಲೆಯೇ ಟಬ್ಬಿನ ಮೇಲಿನ ಬಟ್ಟೆ ತೆಗೆದೆವು.

ನೀರಿನ ವಿಷಯ ಹಗುರವಾಗಿ ನೋಡುವಂಥದ್ದಲ್ಲ. 2024ರ ಮಾರ್ಚ್‌ನಲ್ಲಿ, ಕುಡಿಯುವ ನೀರಿನಿಂದ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ ಊರು ಇದು. ಮೂರಡಿ ಅಗಲದ ದುಂಡು ಟಬ್ಬಿಗೆ ನಾಲ್ಕು ಬೆರಳು ಎತ್ತರ ನೀರು ಬಿಟ್ಟರೆ ಸುಮಾರು 45 ಲೀಟರ್, ಅಂದರೆ ಮೂರು ಬಕೆಟ್. ಅಂಥ ಎರಡು ಟಬ್. ಸಾಕಷ್ಟಾಯಿತು. ಆಟ ಮುಗಿದ ಮೇಲೆ ಅದೇ ನೀರಲ್ಲಿ ಟೆರೇಸು ತೊಳೆದೆವು, ಉಳಿದದ್ದು ಕರಿಬೇವಿನ ಕುಂಡಕ್ಕೆ ಹೋಯಿತು.

ನಾಲ್ಕು ಬೆರಳು ನೀರೆಂದು ನಿರ್ಲಕ್ಷ್ಯ ಮಾಡುವಂತಿಲ್ಲ. ಐದು ಸೆಂಟಿಮೀಟರ್ ನೀರಿನಲ್ಲಿ ಮುಖ ಕೆಳಗಾಗಿ ಬಿದ್ದರೂ ಪುಟ್ಟ ಮಗು ಮುಳುಗಬಲ್ಲದು, ಅದೂ ಸದ್ದಿಲ್ಲದೆ. ಹಾಗಾಗಿ ಒಂದು ಟಬ್ಬಿಗೆ ಒಬ್ಬರು ದೊಡ್ಡವರು, ಪಕ್ಕದಲ್ಲೇ ಕೂರಬೇಕು, ಕೈಯಲ್ಲಿ ಫೋನ್ ಇರಬಾರದು. ಎದ್ದು ಹೋಗಬೇಕಾದರೆ ಇನ್ನೊಬ್ಬರ ಹೆಸರು ಕರೆದು, ಅವರು ಬಂದು ಕೂತ ಮೇಲೆಯೇ ಏಳಬೇಕು. ‘ಎಲ್ಲರೂ ನೋಡಿಕೊಳ್ಳುತ್ತಾರೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಕೊನೆಯ ಮಗು ಎದ್ದ ಕೂಡಲೆ ಟಬ್ ಬೋರಲು.

ಆಟ ಕಟ್ಟುವುದು ಸುಲಭ. ಅಡುಗೆಮನೆಯಲ್ಲಿ ಬೇಕಾದ್ದೆಲ್ಲ ಇದೆ. ಬೋಂಡಾ ಕರಿಯುವ ಜಾಲರಿ ಸೌಟು, ಹಿಟ್ಟಿನ ಜರಡಿ, ಸಾರಿನ ಸೌಟು. ಬಾತುಗಳ ತಳಕ್ಕೆ ಕೆಂಪು, ನೀಲಿ, ಹಸಿರು ಬೊಟ್ಟು ಇಟ್ಟಿದ್ದೆ. ಸೌಟಿನಲ್ಲಿ ಎತ್ತಬೇಕು, ತಿರುಗಿಸಿ ನೋಡಬೇಕು, ಅದೇ ಬಣ್ಣದ ಬುಟ್ಟಿಗೆ ಹಾಕಬೇಕು. ಮೂರು ವರ್ಷದವರು ಎತ್ತುವುದರಲ್ಲೇ ಮುಳುಗಿಹೋದರು. ಸೌಟಿನಿಂದ ಜಾರಿ ಮತ್ತೆ ನೀರಿಗೆ ಬೀಳುವುದೇ ಅವರಿಗೆ ಹಬ್ಬ. ಐದು ವರ್ಷದವರು ಬಣ್ಣ ಹೊಂದಿಸಿದರು. ಗೆದ್ದವರು, ಸೋತವರು ಇರಲಿಲ್ಲ. ಆ ವಯಸ್ಸಿಗೆ ಬಹುಮಾನ ಇಟ್ಟರೆ ಒಬ್ಬರಿಗೆ ಕೊಟ್ಟು ಉಳಿದವರನ್ನೆಲ್ಲ ಅಳಿಸಿದ ಹಾಗೆ. ದೊಡ್ಡ ಮಕ್ಕಳಿಗೆ ಓಟ ಬೇಕೇ ಬೇಕು ಎಂದಾಗ ಸುಳ್ಯದಿಂದ ಬಂದಿದ್ದ ನನ್ನ ತಮ್ಮ ದಾರಿ ಹುಡುಕಿದ. ಬಾಳೆಯ ಬುಡದಿಂದ ಉದ್ದುದ್ದ ಪಟ್ಟೆ ಬಿಡಿಸಿ, ಒಂದರ ತುದಿಗೆ ಇನ್ನೊಂದನ್ನು ಸೇರಿಸಿ, ಇಟ್ಟಿಗೆಯ ಮೇಲೆ ಇಳಿಜಾರಾಗಿ ಮಲಗಿಸಿ ಚೊಂಬಿನಿಂದ ನೀರು ಬಿಟ್ಟ. ಬಾತುಗಳು ಸಾಲಾಗಿ ಇಳಿದು ಟಬ್ಬಿಗೆ ಬಿದ್ದವು. ನೀರು ತುಂಬಿ ಮತ್ತೆ ತಂದು ಸುರಿಯುವ ಕೆಲಸಕ್ಕೆ ಮಕ್ಕಳಲ್ಲೇ ಸರದಿ ಏರ್ಪಟ್ಟಿತು. ನಾವು ಹೇಳಲೇ ಇಲ್ಲ.

ಒಬ್ಬ ಹುಡುಗ ನೀರಿನ ಹತ್ತಿರ ಬರಲೇ ಒಪ್ಪಲಿಲ್ಲ. ಅಮ್ಮನ ಸೆರಗು ಹಿಡಿದು ನಿಂತವನು ನಿಂತೇ ಇದ್ದ. ಹೋಗು, ಆಡು, ಎಲ್ಲರೂ ಆಡುತ್ತಿದ್ದಾರೆ ನೋಡು ಎಂದು ಸುತ್ತಲಿನವರು ಹೇಳಿದಷ್ಟೂ ಅವನು ಹಿಂದೆ ಸರಿದ. ನಾನು ಮೂಲೆಯಲ್ಲಿ ಒಂದು ನೀಲಿ ಪಂಚೆ ಹಾಸಿ, ನಾಲ್ಕೈದು ಒಣ ಬಾತುಗಳನ್ನೂ ಒಂದು ಟವೆಲನ್ನೂ ಇಟ್ಟು ಸುಮ್ಮನೆ ಬಂದೆ. ಸ್ವಲ್ಪ ಹೊತ್ತಿಗೆ ಅವನು ಅಲ್ಲಿ ಕೂತು ಬಾತುಗಳಿಗೆ ಟವೆಲ್ ಹೊದೆಸಿ ಮಲಗಿಸುತ್ತಿದ್ದ. ಇನ್ನೂ ಇಬ್ಬರು ಬಂದು ಸೇರಿಕೊಂಡರು. ಅಂದಿನಿಂದ ಒಣ ಮೂಲೆ ನನ್ನ ಏರ್ಪಾಟಿನ ಖಾಯಂ ಭಾಗ. ನೀರಿಗೆ, ಸದ್ದಿಗೆ, ಗುಂಪಿಗೆ ಅಂಜುವ ಮಗು ಪ್ರತಿ ಹಬ್ಬದಲ್ಲೂ ಇರುತ್ತದೆ. ಅದಕ್ಕೂ ಕರೆ ಹೋಗಿದೆ. ಅದರ ಕೈಗೂ ಬಾತುಕೋಳಿ ಸಿಗಬೇಕು.

ಬಟ್ಟೆ ಬದಲಿಸಿ, ಊಟಕ್ಕೆ ಎಲೆ ಹಾಕುವವರೆಗಿನ ಬಿಡುವಿನಲ್ಲಿ ನಾನು ಕತೆ ಹೇಳುತ್ತೇನೆ. ಐದಾರು ವರ್ಷದವರಿಗೆ ಇದಕ್ಕಿಂತ ಒಳ್ಳೆಯ ಬಾತುಕೋಳಿ ಕತೆ ನನಗೆ ಸಿಕ್ಕಿಲ್ಲ, ಮತ್ತು ಇದು ನಡೆದ ಕತೆ. 1992ರ ಜನವರಿ 10. ಹಾಂಗ್‌ಕಾಂಗ್‌ನಿಂದ ಅಮೆರಿಕದ ಟಕೋಮಾ ಬಂದರಿಗೆ ಹೊರಟಿದ್ದ ‘ಎವರ್ ಲಾರೆಲ್’ ಹಡಗು ಉತ್ತರ ಪೆಸಿಫಿಕ್‌ನಲ್ಲಿ ಬಿರುಗಾಳಿಗೆ ಸಿಕ್ಕಿತು. 12 ಕಂಟೇನರುಗಳು ಸಮುದ್ರಕ್ಕೆ ಉರುಳಿದವು. ಅವುಗಳಲ್ಲಿ ಒಂದರ ತುಂಬ ಸ್ನಾನದ ಆಟಿಕೆಗಳು, ಒಟ್ಟು 28,800: ಹಳದಿ ಬಾತು, ನೀಲಿ ಆಮೆ, ಹಸಿರು ಕಪ್ಪೆ, ಕೆಂಪು ಬೀವರ್. ರಟ್ಟಿನ ಹೊದಿಕೆ ನೀರಲ್ಲಿ ನೆನೆದು ಬಿಚ್ಚಿಕೊಂಡಿತು. ಆ ಆಟಿಕೆಗಳಿಗೆ ತೂತು ಇರಲಿಲ್ಲ. ನೀರು ಒಳಹೋಗದೆ ಎಲ್ಲ ತೇಲಿಕೊಂಡು ಹೊರಟವು. ಹತ್ತು ತಿಂಗಳ ಮೇಲೆ, ಅದೇ ವರ್ಷ ನವೆಂಬರಿನಲ್ಲಿ, ಅವುಗಳಲ್ಲಿ ಕೆಲವು ಅಲಾಸ್ಕದ ಸಿಟ್ಕಾ ಎಂಬ ಊರಿನ ದಡಕ್ಕೆ ಬಂದು ಬಿದ್ದವು. ಕರ್ಟಿಸ್ ಎಬ್ಬೆಸ್‌ಮೇಯರ್, ಜೇಮ್ಸ್ ಇಂಗ್ರಹಾಮ್ ಎಂಬ ಇಬ್ಬರು ಸಮುದ್ರ ವಿಜ್ಞಾನಿಗಳು, ದಡದಲ್ಲಿ ಆಟಿಕೆ ಹೆಕ್ಕಿದವರಿಂದ ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಂದು ಕೇಳಿ ಬರೆದುಕೊಂಡು, ಸಮುದ್ರದೊಳಗಿನ ಪ್ರವಾಹಗಳ ಲೆಕ್ಕವನ್ನು ಅದರ ಜೊತೆ ಹೋಲಿಸಿ ನೋಡಿದರು.

ಪಂಚೆಯನ್ನೇ ಸಮುದ್ರ ಮಾಡಿ, ಕೈಯಿಂದ ಬಾತುಗಳನ್ನು ಸರಿಸುತ್ತಾ ಇದನ್ನು ಹೇಳಬೇಕು. ಪುಸ್ತಕ ಹಿಡಿದು ಹೇಳಿದರೆ ಅರ್ಧದಲ್ಲೇ ಎದ್ದು ಹೋಗುತ್ತಾರೆ. ಬಾತು ಅವರ ಕೈಯಲ್ಲೇ ಇದ್ದರೆ ಪ್ರಶ್ನೆಗಳು ಬರುತ್ತವೆ. ರಾತ್ರಿ ಅವಕ್ಕೆ ಭಯ ಆಗಲಿಲ್ಲವಾ? ಮೀನು ತಿನ್ನಲಿಲ್ಲವಾ? ಆಮೆಯೂ ಬಾತೂ ಜೊತೆಗೇ ಹೋದವಾ? ಒಬ್ಬಳು ಎದ್ದು ಹೋಗಿ ತನ್ನ ಬಾತಿನ ತಳ ತಿರುಗಿಸಿ, ತೂತಿಲ್ಲ, ಇದೂ ಅಲಾಸ್ಕಕ್ಕೆ ಹೋಗುತ್ತದೆ ಎಂದು ಎಲ್ಲರಿಗೂ ತೋರಿಸಿದಳು. ಸಮುದ್ರಕ್ಕೆ ಬಿದ್ದ ಪ್ಲಾಸ್ಟಿಕ್ ಎಷ್ಟು ದೂರ, ಎಷ್ಟು ವರ್ಷ ಅಲೆಯುತ್ತದೆ ಎಂಬ ಮಾತನ್ನು ಆಗಲೇ, ಎರಡೇ ವಾಕ್ಯದಲ್ಲಿ ಸೇರಿಸಿದೆ.

ಅದೇ ಹೊತ್ತಿಗೆ ನನ್ನ ತಮ್ಮ, ಊರಿನಿಂದ ತಂದಿದ್ದ ರಬ್ಬರ್ ಶೀಟನ್ನು ಹೊರತೆಗೆದ. ನಮ್ಮ ಸುಳ್ಯದ ಕಡೆ ರಬ್ಬರ್ ತೋಟಗಳಿವೆ. ಮರದ ತೊಗಟೆ ಗೀರಿ, ಗೆರಟೆಗೆ ಹಾಲು ಇಳಿಸಿ, ಹೆಪ್ಪುಗಟ್ಟಿಸಿ, ಒತ್ತಿ, ಹೊಗೆಯಲ್ಲಿ ಒಣಗಿಸುವುದನ್ನು ನೋಡುತ್ತಲೇ ನಾನು ಬೆಳೆದವಳು. ಮಕ್ಕಳು ಶೀಟನ್ನು ಎರಡು ತುದಿಯಿಂದ ಎಳೆದರು, ಮೂಸಿ ಮೂಗು ಮುಚ್ಚಿಕೊಂಡರು, ಮರದಿಂದ ಬಂದದ್ದು ಎಂದರೆ ನಂಬಲಿಲ್ಲ. ಹಳದಿ ಬಾತನ್ನೂ ಜೊತೆಗಿಟ್ಟು ಎರಡನ್ನೂ ಮುಟ್ಟಿಸಿದೆ. ವ್ಯತ್ಯಾಸ ಬೆರಳಿಗೇ ಗೊತ್ತಾಯಿತು.

ಊಟ ಹಾಳೆ ತಟ್ಟೆಯಲ್ಲಿ. ಚಿತ್ರಾನ್ನ, ಕೇಸರಿಬಾತ್, ಹೆಸರುಬೇಳೆ ತೊವ್ವೆ, ಮಾವಿನಹಣ್ಣಿನ ಹೋಳು. ಅರಿಶಿನ, ಕೇಸರಿ, ಮಾವು ಕೊಡುವ ಹಳದಿಯೇ ಸಾಕು, ಬಣ್ಣದ ಪುಡಿ ಬೇಡ. ಚಿತ್ರಾನ್ನದಿಂದ ಕಡಲೆಬೀಜ ತೆಗೆದಿಟ್ಟು ದೊಡ್ಡವರಿಗೆ ಬೇರೆ ಒಗ್ಗರಣೆ ಹಾಕಿದೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿಯೇ ಬಡಿಸಬೇಕು. ಕೇಕು ಚಿಕ್ಕದಿತ್ತು, ಅದರ ಮೇಲೆ ಏನೂ ಕೂರಿಸಿರಲಿಲ್ಲ.

ಹೋಗುವಾಗ ಪ್ರತಿ ಮಗುವಿಗೂ ತಾನು ಆಡಿದ ಬಾತನ್ನೇ ಒರೆಸಿ ಕೊಟ್ಟೆವು. ಚೀಲ ತುಂಬ ಸಾಮಾನು ಕೊಡುವ ರಿಟರ್ನ್ ಗಿಫ್ಟ್ ಮರುದಿನಕ್ಕೆ ಮೂಲೆ ಸೇರುತ್ತದೆ. ಬಾತಿನ ಜೊತೆಗೊಂದು ಚೀಟಿ, ಅದು ಅಪ್ಪ-ಅಮ್ಮನಿಗೆ: ಸ್ನಾನವಾದ ಮೇಲೆ ನೀರಿನಿಂದ ಎತ್ತಿ ಒಣಗಿಸಿ, ಮೈ ಬಿರುಕು ಬಿಟ್ಟರೆ, ಕಪ್ಪು ಚುಕ್ಕೆ ಕಂಡರೆ ಎಸೆದುಬಿಡಿ.

ಮುಂದಿನ ತಿಂಗಳು ತಮ್ಮನ ಮಗಳಿಗೆ ಒಂದು ತುಂಬುತ್ತದೆ, ಸುಳ್ಯದಲ್ಲೇ. ಅವನಿಗೂ ಬಾತುಕೋಳಿಯೇ ಬೇಕಂತೆ. ಒಂದು ವರ್ಷದ ಮಗುವಿಗೆ ಟಬ್ ಬೇಡ ಎಂದು ಹೇಳಿದ್ದೇನೆ. ಅಗಲದ ಪರಾತದಲ್ಲಿ ಒಂದು ಬೆರಳು ಉಗುರುಬೆಚ್ಚಗಿನ ನೀರು, ಒಂದೇ ಒಂದು ದೊಡ್ಡ ಬಾತು, ಅಜ್ಜಿಯ ಮಡಿಲು. ಬಂದವರೆಲ್ಲ ಅವಳನ್ನು ಎತ್ತಿಕೊಳ್ಳಲು ಕೈ ಚಾಚುವ ಮೊದಲು ಅರ್ಧ ಗಂಟೆ ಅವಳನ್ನು ಅದರ ಜೊತೆ ಬಿಡಬೇಕು. ಬಾಳೆಪಟ್ಟೆಯ ಕಾಲುವೆ ಅಂಗಳದಲ್ಲಿ ಇರಲಿ. ದೊಡ್ಡ ಮಕ್ಕಳು ಬಂದೇ ಬರುತ್ತಾರೆ, ಅಲ್ಲಿ ನೀರಿಗೂ ಬರವಿಲ್ಲ.